ಚನ್ನಗಿರಿಯ ಪಿಯುಸಿಯಿಂದ ಅಮೆರಿಕದ ಪದವಿಗೆ: ಅಂಕಪಟ್ಟಿಗಿಂತ ಪಹಣಿಯೇ ತೊಡಕು

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಮನೆಗಳಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಒಂದೇ ಬಗೆಯದು. ಸಿಇಟಿ ರ್‍ಯಾಂಕ್ ಎಷ್ಟು ಬರಬಹುದು, ನೀಟ್ ಹೇಗಾಯಿತು, ದಾವಣಗೆರೆಯಲ್ಲಿಯೇ ಸೀಟು ಸಿಕ್ಕೀತೆ, ಇಲ್ಲವಾದರೆ ಶಿವಮೊಗ್ಗವೋ ಬೆಂಗಳೂರೋ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಈಚಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. ಎಂಜಿನಿಯರಿಂಗ್ ಮುಗಿಸಿ ಎಂಎಸ್‌ಗೆಂದು ಅಮೆರಿಕಕ್ಕೆ ಹೋಗುವ ಬದಲು ಪದವಿಗೇ ನೇರವಾಗಿ ಅಲ್ಲಿಗೆ ಹೋಗಬಾರದೇಕೆ? ಬೆಂಗಳೂರಿನಲ್ಲಿರುವ ನೆಂಟರ ಮಗ ಹೋದನಂತೆ, ಪೂರ್ತಿ ವಿದ್ಯಾರ್ಥಿವೇತನ ಸಿಕ್ಕಿತಂತೆ ಎಂಬ ಸುದ್ದಿ ಮದುವೆ ಮನೆಯಲ್ಲಿ ಕಿವಿಗೆ ಬಿದ್ದಿರುತ್ತದೆ.

ದುರದೃಷ್ಟವೆಂದರೆ ಈ ಪ್ರಶ್ನೆ ಏಪ್ರಿಲ್ ತಿಂಗಳಲ್ಲಿ ಹುಟ್ಟುವ ಹೊತ್ತಿಗೆ ಆ ವರ್ಷದ ಬಾಗಿಲು ಬಹುತೇಕ ಮುಚ್ಚಿರುತ್ತದೆ. ಅಮೆರಿಕದ ಹೆಸರಾಂತ ಕಾಲೇಜುಗಳು ಅರ್ಜಿ ಸ್ವೀಕರಿಸುವುದು ಅದರ ಹಿಂದಿನ ಆಗಸ್ಟ್‌ನಿಂದ ಜನವರಿಯವರೆಗೆ. ಅಂದರೆ ವಿದ್ಯಾರ್ಥಿ ಇನ್ನೂ ದ್ವಿತೀಯ ಪಿಯುಸಿ ತರಗತಿಯಲ್ಲಿ ಕುಳಿತಿರುವಾಗ, ಮನೆಯಲ್ಲಿ ಅಡಿಕೆ ಕೊಯ್ಲು ನಡೆದಿರುವಾಗ. ಇಲ್ಲಿ ಫಲಿತಾಂಶ ಬಂದ ಮೇಲೆ ಅರ್ಜಿ. ಅಲ್ಲಿ ಫಲಿತಾಂಶಕ್ಕೆ ಮುನ್ನವೇ ಅರ್ಜಿ. ಈ ಒಂದು ವ್ಯತ್ಯಾಸ ತಿಳಿಯದೆ ಒಂದು ವರ್ಷ ಕಳೆದುಕೊಂಡವರು ಸಾಕಷ್ಟು ಮಂದಿ ಇದ್ದಾರು.

ಮೊದಲು ಅಂಕಿ ಅಂಶಗಳನ್ನು ನೋಡಿಬಿಡೋಣ. 2023-24ರ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3,31,602 ಎಂದು ಅಲ್ಲಿನ ‘ಓಪನ್ ಡೋರ್ಸ್’ ವರದಿ ಹೇಳಿತು. ಚೀನಾವನ್ನು ಹಿಂದಿಕ್ಕಿ ಭಾರತ ಮೊದಲ ಸ್ಥಾನಕ್ಕೆ ಬಂದದ್ದು ಆ ವರ್ಷವೇ. ಆದರೆ ಇವರಲ್ಲಿ ಪದವಿ ತರಗತಿಗಳಲ್ಲಿ ಓದುತ್ತಿದ್ದವರು ಕೇವಲ 36,053. ಒಂಬತ್ತು ಮಂದಿಯಲ್ಲಿ ಒಬ್ಬರು ಎನ್ನಬಹುದು. ಉಳಿದವರೆಲ್ಲ ಸ್ನಾತಕೋತ್ತರ ವ್ಯಾಸಂಗದವರು ಅಥವಾ ಓದು ಮುಗಿಸಿ ಅನುಭವಕ್ಕಾಗಿ ಕೆಲಸದಲ್ಲಿದ್ದವರು. ಕನ್ನಡಿಗರ ಮಟ್ಟಿಗೂ ಇದೇ ಹಳೆಯ ದಾರಿ. ಮೈಸೂರಿನಲ್ಲಿ ಓದಿದ ಎ.ಕೆ. ರಾಮಾನುಜನ್ ಫುಲ್‌ಬ್ರೈಟ್ ನೆರವಿನಿಂದ ಇಂಡಿಯಾನಾಕ್ಕೆ ಹೋದದ್ದು 1959ರಲ್ಲಿ, ಅದೂ ಎಂ.ಎ. ಮುಗಿಸಿ ಹಲವು ವರ್ಷ ಪಾಠ ಹೇಳಿದ ಬಳಿಕ. ಇಲ್ಲಿ ಪದವಿ, ಅಲ್ಲಿ ಮೇಲಿನ ಓದು ಎಂಬ ಕ್ರಮಕ್ಕೆ ಕಾರಣವೂ ಸರಳ. ಮೇಲಿನ ಓದು ಎರಡು ವರ್ಷದ್ದು, ಪದವಿ ನಾಲ್ಕು ವರ್ಷದ್ದು. ಖರ್ಚು ಇಮ್ಮಡಿ.

ಹಾಗಿದ್ದರೂ ಪಿಯುಸಿ ಮುಗಿಸಿ ಹೋಗಬೇಕೆನ್ನುವವರು ಇದ್ದಾರೆ, ಅವರಲ್ಲಿ ಕೆಲವರಿಗೆ ಆ ಯೋಗ್ಯತೆಯೂ ಇದೆ. ಅಂಥವರಿಗೆ ಬೆಂಗಳೂರಿನ ಅಂತಾರಾಷ್ಟ್ರೀಯ ಶಾಲೆಗಳಲ್ಲಿರುವಂತೆ ದಾರಿ ತೋರಿಸುವ ಕೌನ್ಸೆಲರ್ ಜಗಳೂರಿನ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಇರುವುದಿಲ್ಲ. ಈ ಲೇಖನ ಅವರಿಗಾಗಿ.

‘ಕಾಲೇಜು’ ಎಂಬ ಪದದ ಗೊಂದಲ

ನಮ್ಮಲ್ಲಿ ಹತ್ತನೆಯ ತರಗತಿ ದಾಟಿದೊಡನೆ ಹುಡುಗ ‘ಕಾಲೇಜಿಗೆ’ ಸೇರುತ್ತಾನೆ. ಅಮೆರಿಕದವರ ಲೆಕ್ಕದಲ್ಲಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷವೂ ಹೈಸ್ಕೂಲು. ಪದವಿಪೂರ್ವ ಕಾಲೇಜು ಅವರ ಪಾಲಿಗೆ ಶಾಲೆಯೇ. ಅರ್ಜಿಯಲ್ಲಿ ‘ನೀವು ಕಾಲೇಜು ಮಟ್ಟದ ಪಾಠ ಓದಿದ್ದೀರಾ’ ಎಂದು ಕೇಳಿದಾಗ ಪಿಯು ಕಾಲೇಜಿನ ಹೆಸರು ತುಂಬಿದರೆ ಅರ್ಜಿದಾರ ಆಗಲೇ ಪದವಿಗೆ ಸೇರಿದವನೆಂದು, ವರ್ಗಾವಣೆ ಬಯಸಿದವನೆಂದು ಅರ್ಥವಾಗುತ್ತದೆ. ಪಿಯು ಕಾಲೇಜನ್ನು ಈಗ ಓದುತ್ತಿರುವ ಶಾಲೆಯೆಂದೂ, ಹಿಂದಿನ ಪ್ರೌಢಶಾಲೆಯನ್ನು ಮೊದಲು ಓದಿದ ಶಾಲೆಯೆಂದೂ ನಮೂದಿಸತಕ್ಕದ್ದು.

ಇದರಿಂದಲೇ ಎರಡನೆಯ ತೊಡಕೂ ಹುಟ್ಟುತ್ತದೆ. ಅವರು ಕೇಳುವ ನಾಲ್ಕು ವರ್ಷಗಳ ಅಂಕಗಳು ನಮ್ಮಲ್ಲಿ ಎರಡು ಸಂಸ್ಥೆಗಳಲ್ಲಿ ಹಂಚಿಹೋಗಿವೆ. ಎಸ್‌ಎಸ್‌ಎಲ್‌ಸಿಯ 625 ಅಂಕಗಳ ಪಟ್ಟಿ ಎಲ್ಲರ ಬಳಿಯೂ ಇರುತ್ತದೆ. ಪ್ರಥಮ ಪಿಯುಸಿ ಅಂಕಗಳು ಕಾಲೇಜಿನಲ್ಲಿ ಸಿಗುತ್ತವೆ. ಸಿಗದಿರುವುದು ಒಂಬತ್ತನೆಯ ತರಗತಿಯದು. ನಮ್ಮಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಇಟ್ಟಿಲ್ಲವಾದ್ದರಿಂದ ಪ್ರಗತಿಪತ್ರ ಕಪಾಟಿನ ಮೇಲೆ ಎಲ್ಲೋ ಸೇರಿಹೋಗಿರುತ್ತದೆ. ಓದಿದ ಪ್ರೌಢಶಾಲೆಗೆ ಹೋಗಿ, ದಾಖಲೆ ಪುಸ್ತಕದಿಂದ ಒಂಬತ್ತನೆಯ ತರಗತಿಯ ಅಂಕಗಳನ್ನು ಶಾಲೆಯ ಲೆಟರ್‌ಹೆಡ್ ಮೇಲೆ ಇಂಗ್ಲಿಷಿನಲ್ಲಿ ಬರೆಸಿ, ಮುಖ್ಯೋಪಾಧ್ಯಾಯರ ಸಹಿ ಮೊಹರು ಹಾಕಿಸಿಕೊಳ್ಳಬೇಕು. ಇದನ್ನು ಜೂನ್, ಜುಲೈಯಲ್ಲಿಯೇ ಮುಗಿಸುವುದು ಲೇಸು.

ಅಂಕಗಳನ್ನು ನಾಲ್ಕರ ಮಾಪನಕ್ಕೆ ಪರಿವರ್ತಿಸಲು ಹೋಗಬಾರದು. ಇದ್ದದ್ದನ್ನು ಇದ್ದಂತೆಯೇ ಕೊಡಬೇಕು. ಆದರೆ ಒಂದು ವಿವರಣೆ ಅಗತ್ಯ. ಅಮೆರಿಕದ ಶಾಲೆಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 60ಕ್ಕಿಂತ ಕಡಿಮೆ ಬಂದರೆ ಅನುತ್ತೀರ್ಣ; ನಮ್ಮಲ್ಲಿ 60 ಎಂದರೆ ಪ್ರಥಮ ದರ್ಜೆ, 85 ದಾಟಿದರೆ ಡಿಸ್ಟಿಂಕ್ಷನ್. ಇದನ್ನು ಹೇಳಬೇಕಾದವರು ಪ್ರಾಂಶುಪಾಲರು. ಅರ್ಜಿಯೊಡನೆ ಕಾಲೇಜಿನ ಪರಿಚಯ ಪತ್ರವೊಂದನ್ನು ಅವರು ಕಳಿಸಬೇಕಾಗುತ್ತದೆ. ಕಾಲೇಜು ಯಾವ ಊರಿನಲ್ಲಿದೆ, ವಿದ್ಯಾರ್ಥಿಗಳೆಷ್ಟು, ಯಾವ ವಿಷಯ ಸಂಯೋಜನೆಗಳಿವೆ, ಹೋದ ವರ್ಷ ಎಷ್ಟು ಮಂದಿಗೆ ಡಿಸ್ಟಿಂಕ್ಷನ್ ಬಂತು ಎಂಬ ಒಂದೆರಡು ಪುಟದ ಮಾಹಿತಿ ಅದು. ಆರುನೂರಕ್ಕೆ 540 ಪಡೆದ ಹುಡುಗಿ ಆ ಕಾಲೇಜಿಗೇ ಮೊದಲನೆಯವಳೆಂಬುದು ಇದರಿಂದ ಮಾತ್ರ ಓದುವವರಿಗೆ ತಿಳಿಯುತ್ತದೆ. ಕೌನ್ಸೆಲರ್ ಇಲ್ಲದ ಕಡೆ ಆ ಪಾತ್ರವನ್ನು ಪ್ರಾಂಶುಪಾಲರೋ ಹಿರಿಯ ಉಪನ್ಯಾಸಕರೋ ವಹಿಸಬಹುದು, ಅದಕ್ಕೆ ಅಡ್ಡಿಯಿಲ್ಲ. ಜತೆಗೆ ಪಾಠ ಹೇಳಿದ ಒಬ್ಬರೋ ಇಬ್ಬರೋ ಉಪನ್ಯಾಸಕರ ಶಿಫಾರಸು ಪತ್ರ ಬೇಕು. ‘ಈತ ನಮ್ಮ ಕಾಲೇಜಿನ ವಿದ್ಯಾರ್ಥಿ, ನಡತೆ ಉತ್ತಮ’ ಎಂಬ ನಡತೆ ಪ್ರಮಾಣಪತ್ರದ ಧಾಟಿಯ ಮೂರು ಸಾಲು ಇಲ್ಲಿ ಸಾಲದು. ಭೌತಶಾಸ್ತ್ರದ ಪ್ರಯೋಗ ಕೈಕೊಟ್ಟಾಗ ಹುಡುಗ ಏನು ಮಾಡಿದ ಎಂಬಂಥ ಒಂದು ಸಂಗತಿ ಆ ಪತ್ರದಲ್ಲಿದ್ದರೆ ಅದಕ್ಕೆ ಬೆಲೆ. ಹೀಗೆ ಬರೆಯುವ ರೂಢಿ ನಮ್ಮ ಉಪನ್ಯಾಸಕರಿಗಿಲ್ಲ. ವಿದ್ಯಾರ್ಥಿಯೇ ವಿನಯದಿಂದ ಕುಳಿತು ವಿವರಿಸಬೇಕಾದೀತು, ಅದೂ ಎರಡು ತಿಂಗಳು ಮುಂಚಿತವಾಗಿ.

ಫಲಿತಾಂಶ ಬರುವ ಮೊದಲೇ ಅರ್ಜಿ ಹೋಗುವುದರಿಂದ ದ್ವಿತೀಯ ಪಿಯುಸಿಯಲ್ಲಿ ಎಷ್ಟು ಬರಬಹುದೆಂಬ ಅಂದಾಜನ್ನೂ ಕಾಲೇಜೇ ಕೊಡಬೇಕಾಗುತ್ತದೆ. ಮಧ್ಯವಾರ್ಷಿಕ ಪರೀಕ್ಷೆ ಮತ್ತು ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳು ಇದಕ್ಕೆ ಆಧಾರ. ‘ಪ್ರಿಪರೇಟರಿ ತಾನೆ’ ಎಂದು ಅದನ್ನು ಅಲಕ್ಷಿಸುವವರು ಈ ದಾರಿಗೆ ಬರಬಾರದು.

ಹೆಸರಿನ ಮುಂದಿನ ಇನಿಷಿಯಲ್

ನಮ್ಮ ಕಡೆಯ ಹೆಸರುಗಳಿಗೆ ಕೊನೆಯಲ್ಲಿ ಮನೆತನದ ಹೆಸರು ಇರುವುದು ಕಡಿಮೆ. ಊರಿನ ಅಥವಾ ತಂದೆಯ ಹೆಸರಿನ ಒಂದೆರಡು ಅಕ್ಷರ, ಬಳಿಕ ಸ್ವಂತ ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಪಿಯುಸಿಯಲ್ಲಿ ಇಲ್ಲವೇ ಇಲ್ಲ ಎಂಬ ಸ್ಥಿತಿ ಅಪರೂಪವಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದನ್ನು ಮನೆತನದ ಹೆಸರಿನ ಜಾಗಕ್ಕೆ ಹಾಕಿ, ಸ್ವಂತ ಹೆಸರಿನ ಜಾಗದಲ್ಲಿ ‘ಹೆಸರು ಗೊತ್ತಿಲ್ಲ’ ಎಂಬರ್ಥದ ಎಫ್‌ಎನ್‌ಯು ಎಂಬ ಮೂರಕ್ಷರ ಮುದ್ರಿಸುತ್ತಾರೆ. ಮುಂದೆ ಬ್ಯಾಂಕು, ವಾಹನ ಚಾಲನಾ ಪರವಾನಗಿ ಎಲ್ಲೆಡೆಯೂ ಹುಡುಗನ ಹೆಸರು ‘ಎಫ್‌ಎನ್‌ಯು’ ಎಂದೇ ಆಗುತ್ತದೆ. ಕೇಳಲು ತಮಾಷೆ, ಅನುಭವಿಸುವವರಿಗಲ್ಲ. ಪಾಸ್‌ಪೋರ್ಟ್ ಮಾಡಿಸುವಾಗಲೇ ಇನಿಷಿಯಲ್ ಬಿಡಿಸಿ ಎರಡು ಭಾಗದ ಹೆಸರು ನಮೂದಿಸುವುದೂ, ಉಳಿದ ದಾಖಲೆಗಳನ್ನು ಅದಕ್ಕೆ ಹೊಂದಿಸುವುದೂ ಜಾಣತನ. ದಾವಣಗೆರೆಯ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿಯೇ ಈ ಕೆಲಸ ಆಗುತ್ತದೆ. ನ್ಯಾಮತಿಯವರು ವಿಳಾಸದತ್ತಲೂ ಗಮನ ಕೊಡಬೇಕು. ಹೊನ್ನಾಳಿಯಿಂದ ಬೇರ್ಪಟ್ಟು ನ್ಯಾಮತಿ ಪ್ರತ್ಯೇಕ ತಾಲ್ಲೂಕಾದ ಬಳಿಕ ಹಳೆಯ ದಾಖಲೆಯಲ್ಲಿ ಒಂದು ತಾಲ್ಲೂಕು, ಹೊಸದರಲ್ಲಿ ಇನ್ನೊಂದು ಎಂದಾಗಿದೆ. ಇನ್ನೂ ಹಳೆಯ ಭೂದಾಖಲೆಗಳಲ್ಲಿ ಜಿಲ್ಲೆಯೇ ಬೇರೆ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು.

ಅರ್ಜಿಯಲ್ಲಿ ಏನಿರುತ್ತದೆ

ಸಾವಿರಕ್ಕೂ ಹೆಚ್ಚು ಕಾಲೇಜುಗಳಿಗೆ ಒಂದೇ ನಮೂನೆಯಲ್ಲಿ ಅರ್ಜಿ ಹಾಕಲು ‘ಕಾಮನ್ ಅಪ್ಲಿಕೇಷನ್’ ಎಂಬ ವ್ಯವಸ್ಥೆ ಇದೆ. ಪ್ರತಿವರ್ಷ ಆಗಸ್ಟ್ 1ರಂದು ಇದು ತೆರೆದುಕೊಳ್ಳುತ್ತದೆ. ನವೆಂಬರ್ ಮೊದಲ ಭಾಗದಲ್ಲಿ ಮುಂಚಿತ ಅರ್ಜಿಗಳ ಗಡುವು, ಜನವರಿಯ ಆರಂಭದಲ್ಲಿ ಸಾಮಾನ್ಯ ಅರ್ಜಿಗಳದು. ಮುಂಚಿತ ಅರ್ಜಿಯಲ್ಲಿ ‘ಅರ್ಲಿ ಡಿಸಿಷನ್’ ಎಂಬ ಬಗೆ ಇದೆ. ಪ್ರವೇಶ ಕೊಟ್ಟರೆ ಬಂದೇ ತೀರುತ್ತೇನೆ ಎಂಬ ಮಾತು ಕೊಡುವುದು ಅದು. ಬೇರೆ ಬೇರೆ ಕಾಲೇಜುಗಳು ಕೊಡುವ ನೆರವನ್ನು ಹೋಲಿಸಿ ನೋಡಬೇಕೆನ್ನುವವರು ಅದರ ಗೋಜಿಗೆ ಹೋಗುವ ಮುನ್ನ ಎರಡು ಸಲ ಯೋಚಿಸಬೇಕು.

‘ಸ್ಯಾಟ್’ ಪರೀಕ್ಷೆಯ ಬಗ್ಗೆ ನಮ್ಮಲ್ಲಿ ಅತಿಯಾದ ಭಯವಿದೆ. ಭಾರತದಲ್ಲಿ ಇದು 2023ರ ಮಾರ್ಚ್‌ನಿಂದ ಕಂಪ್ಯೂಟರಿನಲ್ಲಿ ನಡೆಯುತ್ತಿದೆ. ಎರಡು ಗಂಟೆ 14 ನಿಮಿಷದ ಅವಧಿ, 98 ಪ್ರಶ್ನೆ, 1600 ಅಂಕ. ಸಿಇಟಿಗೆ ಸಿದ್ಧನಾದ ವಿಜ್ಞಾನ ವಿದ್ಯಾರ್ಥಿಗೆ ಅದರ ಗಣಿತ ಸುಲಭವೆನಿಸುತ್ತದೆ. ಕ್ಯಾಲ್ಕುಲೇಟರ್ ಕೂಡ ಪರದೆಯ ಮೇಲೇ ಇರುತ್ತದೆ. ಕಷ್ಟ ಕೊಡುವುದು ಇಂಗ್ಲಿಷ್ ಓದು ಬರಹದ ಭಾಗ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಲ್ಲಿ ಒಂದು ವರ್ಷದ ನಿತ್ಯದ ಓದು ಬೇಕು. ಖಾನ್ ಅಕಾಡೆಮಿಯ ಉಚಿತ ಪಾಠಗಳು ಸಾಕಾಗುತ್ತವೆ. ತರಬೇತಿ ಕೇಂದ್ರಗಳಿಗೆ ಲಕ್ಷ ಕೊಡುವ ಅಗತ್ಯ ಕಾಣದು. ಸೋಂಕಿನ ವರ್ಷಗಳಲ್ಲಿ ಈ ಪರೀಕ್ಷೆಯನ್ನು ಕೈಬಿಟ್ಟಿದ್ದ ಎಂಐಟಿ 2022ರಲ್ಲಿ, ಹಾರ್ವರ್ಡ್, ಯೇಲ್, ಡಾರ್ಟ್‌ಮತ್, ಬ್ರೌನ್ ಮುಂತಾದವು 2024ರಲ್ಲಿ ಅದನ್ನು ಮತ್ತೆ ಕಡ್ಡಾಯಗೊಳಿಸುವ ತೀರ್ಮಾನ ಪ್ರಕಟಿಸಿದವು. ಐಚ್ಛಿಕವಾಗಿ ಉಳಿಸಿಕೊಂಡ ಕಾಲೇಜುಗಳೂ ಬಹಳ ಇವೆ. ಆದರೆ ಯಾರೂ ಹೆಸರು ಕೇಳದ ತಾಲ್ಲೂಕು ಕಾಲೇಜಿನಿಂದ ಬರುವ ವಿದ್ಯಾರ್ಥಿಗೆ ಒಳ್ಳೆಯ ಸ್ಯಾಟ್ ಅಂಕವೇ ದೊಡ್ಡ ಆಸರೆ ಎಂಬುದನ್ನು ಮರೆಯಬಾರದು. ಇದಲ್ಲದೆ ಟೋಫೆಲ್, ಐಇಎಲ್‌ಟಿಎಸ್ ಅಥವಾ ಮನೆಯಲ್ಲೇ ಕುಳಿತು ಬರೆಯಬಹುದಾದ ಡ್ಯುಯೊಲಿಂಗೊ ಪರೀಕ್ಷೆಗಳಲ್ಲಿ ಒಂದು ಬೇಕಾಗುತ್ತದೆ.

ಅಂಕಗಳಾಚೆಗೆ ಅರ್ಜಿಯಲ್ಲಿ ಎರಡು ಭಾಗಗಳಿವೆ. ಒಂದು, 650 ಪದ ಮೀರದ ಪ್ರಬಂಧ. ಇನ್ನೊಂದು, ತರಗತಿಯ ಹೊರಗೆ ಮಾಡಿದ ಚಟುವಟಿಕೆಗಳ ಹತ್ತು ಸಾಲಿನ ಪಟ್ಟಿ. ಈ ಪಟ್ಟಿಯನ್ನು ನೋಡಿದೊಡನೆ ನಮ್ಮ ಮಕ್ಕಳು ಕೈಚೆಲ್ಲುತ್ತಾರೆ. ಬೆಂಗಳೂರಿನವರಂತೆ ರೊಬಾಟಿಕ್ಸ್ ಸಂಘವಿಲ್ಲ, ಮಾದರಿ ವಿಶ್ವಸಂಸ್ಥೆಯಿಲ್ಲ, ಪಿಯಾನೊ ಇಲ್ಲ. ಆದರೆ ಅದೇ ಪಟ್ಟಿಯಲ್ಲಿ ಕುಟುಂಬದ ಹೊಣೆ ಮತ್ತು ಕೂಲಿ ಕೆಲಸ ಎಂಬ ವಿಭಾಗಗಳೂ ಇವೆ. ಅಡಿಕೆ ಸುಗ್ಗಿಯಲ್ಲಿ ಕೂಲಿಯವರ ಲೆಕ್ಕ ಬರೆದದ್ದು, ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿದ್ದು, ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಂಡದ್ದು, ವಾರಕ್ಕೆ ಇಷ್ಟು ಗಂಟೆ ಎಂದು ಧೈರ್ಯವಾಗಿ ಬರೆಯಬಹುದು. ಬರೆಯಲೇಬೇಕು. ಬಾಡಿಗೆಗೆ ಕೊಂಡ ಪ್ರಮಾಣಪತ್ರಗಳಿಗಿಂತ ಇದರ ತೂಕ ಹೆಚ್ಚು.

ಪ್ರಬಂಧದ ಮಾತೂ ಅಷ್ಟೆ. ‘ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ’ ಎಂದು ಆರಂಭವಾಗುವ ಬರಹವನ್ನು ಅಲ್ಲಿನವರು ಸಾವಿರ ಸಲ ಓದಿದ್ದಾರೆ. ಜಗಳೂರಿನ ಹುಡುಗಿಯೊಬ್ಬಳಿಗೆ ತನ್ನ ಮನೆಯ ಕೊಳವೆಬಾವಿ ಪ್ರತಿ ಬೇಸಿಗೆಯಲ್ಲಿ ಎಷ್ಟು ಅಡಿ ಕೆಳಗಿಳಿಯಿತೆಂಬುದು ಬಾಯಿಪಾಠವಾಗಿದ್ದರೆ, ಭದ್ರಾ ಮೇಲ್ದಂಡೆಯ ನೀರಿಗಾಗಿ ಊರು ಕಾಯುತ್ತಿರುವುದನ್ನು ಅವಳು ಕಂಡಿದ್ದರೆ, ಬರೆಯಲು ಅದಕ್ಕಿಂತ ಬೇರೆ ವಸ್ತು ಬೇಕೆ? ಸೂಳೆಕೆರೆಯ ದಂಡೆಯಲ್ಲಿ ಬೆಳೆದವನಿಗೆ ನೀರಿನ ನ್ಯಾಯದ ಪಾಠ ಪುಸ್ತಕದಿಂದ ಬರಬೇಕಾಗಿಲ್ಲ. ಯಾರದೋ ಕೈಯಲ್ಲಿ ಬರೆಸಿದ್ದು, ಯಂತ್ರಕ್ಕೆ ಹೇಳಿ ಬರೆಸಿದ್ದು ಓದಿದೊಡನೆ ತಿಳಿಯುತ್ತದೆ.

ವೈದ್ಯಕೀಯದ ಬಗ್ಗೆ ಒಂದು ಮಾತು. ದಾವಣಗೆರೆ ಸೀಮೆಯಲ್ಲಿ ವಿಜ್ಞಾನ ತೆಗೆದುಕೊಂಡವರಲ್ಲಿ ಅರ್ಧ ಮಂದಿಗೆ ಡಾಕ್ಟರಾಗುವ ಆಸೆ. ಅಮೆರಿಕದಲ್ಲಿ ಹನ್ನೆರಡನೆಯ ತರಗತಿಯ ನಂತರ ನೇರ ಎಂಬಿಬಿಎಸ್ ಎಂಬುದಿಲ್ಲ. ನಾಲ್ಕು ವರ್ಷದ ಪದವಿ, ಬಳಿಕ ಪ್ರವೇಶ ಪರೀಕ್ಷೆ, ಬಳಿಕ ನಾಲ್ಕು ವರ್ಷದ ವೈದ್ಯಕೀಯ ಶಿಕ್ಷಣ. ವಿದೇಶಿಯರನ್ನು ಸೇರಿಸಿಕೊಳ್ಳುವ ವೈದ್ಯಕೀಯ ಶಾಲೆಗಳೇ ಕಡಿಮೆ. ಈ ಆಸೆಯವರು ಇಲ್ಲಿಯೇ ನೀಟ್ ಬರೆಯುವುದು ಒಳಿತು.

ಹಣದ ಪ್ರಶ್ನೆ

ಅಮೆರಿಕದ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ, ವಸತಿ, ಊಟ ಎಲ್ಲ ಸೇರಿ ವರ್ಷದ ವೆಚ್ಚ 80 ಸಾವಿರ ಡಾಲರ್ ದಾಟಿದೆ. ನಮ್ಮ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 70 ಲಕ್ಷ ರೂಪಾಯಿ, ನಾಲ್ಕು ವರ್ಷಕ್ಕೆ ಎರಡೂವರೆ ಕೋಟಿಯ ಮೇಲೆ. ಸರ್ಕಾರಿ ವಿಶ್ವವಿದ್ಯಾಲಯಗಳು ಕೊಂಚ ಅಗ್ಗ, ಆದರೆ ವಿದೇಶಿ ವಿದ್ಯಾರ್ಥಿಗಳಿಗೆ ನೆರವು ಕೊಡುವುದು ವಿರಳ. ಎರಡು ವರ್ಷ ಸಮುದಾಯ ಕಾಲೇಜಿನಲ್ಲಿ ಓದಿ ಬಳಿಕ ದೊಡ್ಡ ವಿಶ್ವವಿದ್ಯಾಲಯಕ್ಕೆ ವರ್ಗವಾಗುವ ದಾರಿಯೂ ಉಂಟು. ಶುಲ್ಕ ಕಡಿಮೆಯಾದೀತು, ಊಟ ವಸತಿಯ ಖರ್ಚು ಕಡಿಮೆಯಾಗದು.

ಇಲ್ಲಿಯೇ ಬಹುತೇಕರು ಅರಿಯದ ಒಂದು ವಿಚಿತ್ರವಿದೆ. ಅತ್ಯಂತ ದುಬಾರಿ ಕಾಲೇಜುಗಳೇ ಬಡ ವಿದ್ಯಾರ್ಥಿಗೆ ಅತ್ಯಂತ ಅಗ್ಗ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್, ಡಾರ್ಟ್‌ಮತ್, ಬೌಡನ್, ಬ್ರೌನ್ ಇವು ಪ್ರವೇಶ ನಿರ್ಧರಿಸುವಾಗ ವಿದೇಶಿ ವಿದ್ಯಾರ್ಥಿಗೂ ಹಣವಿದೆಯೇ ಎಂದು ನೋಡುವುದಿಲ್ಲ. ಆಯ್ಕೆಯಾದವರಿಗೆ ಕುಟುಂಬದ ಶಕ್ತಿಗೆ ಮೀರಿದ ವೆಚ್ಚವನ್ನು ತಾವೇ ತುಂಬುತ್ತವೆ. ಸಾಲವಾಗಿ ಅಲ್ಲ, ಬಹುಪಾಲು ನೆರವಿನ ರೂಪದಲ್ಲಿ. ಕೆಂಟಕಿಯ ಬೆರಿಯಾ ಕಾಲೇಜಂತೂ 1892ರಿಂದ ಬೋಧನಾ ಶುಲ್ಕವನ್ನೇ ಪಡೆದಿಲ್ಲ. ವಿದ್ಯಾರ್ಥಿಗಳು ಕಾಲೇಜಿನಲ್ಲಿಯೇ ದುಡಿದು ಓದುತ್ತಾರೆ. ಆದರೆ ಈ ಬಾಗಿಲುಗಳು ಬಹಳ ಕಿರಿದು. ಎಂಐಟಿಯಲ್ಲಿ ವಿದೇಶಿ ಅರ್ಜಿದಾರರ ಪೈಕಿ ಆಯ್ಕೆಯಾಗುವವರು ನೂರಕ್ಕೆ ಎರಡರ ಆಸುಪಾಸು. ಉಳಿದ ನೂರಾರು ಕಾಲೇಜುಗಳಲ್ಲಿ ನೆರವು ಕೇಳುವುದೇ ಪ್ರವೇಶದ ಅವಕಾಶವನ್ನು ಕುಗ್ಗಿಸುತ್ತದೆ. ಹಾಗೆಂದು ಸುಳ್ಳು ಹೇಳಿ ‘ನೆರವು ಬೇಡ’ ಎಂದರೆ ಸೇರಿದ ಮೇಲೆ ಕೇಳುವಂತಿಲ್ಲ.

ನಿಜವಾದ ಇಕ್ಕಟ್ಟು ಬಡವರದಲ್ಲ, ಸಿರಿವಂತರದೂ ಅಲ್ಲ. ಅದು ಚನ್ನಗಿರಿಯ ಆರು ಎಕರೆ ಅಡಿಕೆ ತೋಟದವರದು. ನೆರವಿಗೆ ಅರ್ಜಿ ಹಾಕುವವರು ‘ಸಿಎಸ್‌ಎಸ್ ಪ್ರೊಫೈಲ್’ ಎಂಬ ದೀರ್ಘ ನಮೂನೆಯಲ್ಲಿ ಕುಟುಂಬದ ಆದಾಯವನ್ನಷ್ಟೇ ಅಲ್ಲ, ಆಸ್ತಿಯನ್ನೂ ಘೋಷಿಸಬೇಕು. ಎಕರೆಗೆ ಹತ್ತಾರು ಲಕ್ಷ ಬೆಲೆಯ ತೋಟ ಕಾಗದದ ಮೇಲೆ ಕೋಟಿಗಳಾಗುತ್ತದೆ. ನೋಡಿದವರಿಗೆ ಇದು ಶ್ರೀಮಂತ ಕುಟುಂಬ. ಆದರೆ ಆ ತೋಟ ಮಾರುವಂಥದಲ್ಲ. ಅದು ಮನೆಯವರೆಲ್ಲರ ಅನ್ನ. ಎಷ್ಟೋ ಕಡೆ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದು ಮೂವರು ಅಣ್ಣತಮ್ಮಂದಿರಿಗೆ ಪಾಲಾಗಬೇಕಿರುತ್ತದೆ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲದ ಕಾರಣ ಆದಾಯ ತೆರಿಗೆ ವಿವರಪತ್ರವೇ ಇರುವುದಿಲ್ಲ, ಇದ್ದರೂ ಅದರಲ್ಲಿ ಕಾಣುವ ಮೊತ್ತ ಅತ್ಯಲ್ಪ. ಹೀಗೆ ಒಂದು ಕಾಗದ ಕುಟುಂಬವನ್ನು ಕೋಟ್ಯಧೀಶನೆಂದರೆ ಇನ್ನೊಂದು ಕಾಗದ ನಿರ್ಗತಿಕನೆನ್ನುತ್ತದೆ. ಎರಡೂ ನಿಜವಲ್ಲ.

ಇದಕ್ಕೆ ಪರಿಹಾರ ಒಂದೇ, ವಿವರಣೆ. ಪ್ರತಿಯೊಂದು ಕಾಲೇಜಿನ ನೆರವು ವಿಭಾಗವೂ ವಿಶೇಷ ಸಂದರ್ಭಗಳನ್ನು ಪತ್ರದ ಮೂಲಕ ತಿಳಿಸಲು ಅವಕಾಶ ಕೊಡುತ್ತದೆ. ಜಮೀನು ಜಂಟಿಯಾಗಿದೆ, ವಿದ್ಯಾರ್ಥಿಯ ತಂದೆಯ ಪಾಲು ಇಷ್ಟು, ಇದು ಜೀವನಾಧಾರ, ಮಾರಲು ಬಾರದು ಎಂಬುದನ್ನು ವಂಶವೃಕ್ಷ ಮತ್ತು ಪಹಣಿ ಸಹಿತ ಬರೆಯಬೇಕು. ವರಮಾನಕ್ಕೆ ತಹಶೀಲ್ದಾರರ ಆದಾಯ ಪ್ರಮಾಣಪತ್ರದ ಜತೆಗೆ ತುಮ್ಕೋಸ್‌ನಂಥ ಸಹಕಾರ ಸಂಸ್ಥೆಗೆ ಅಡಿಕೆ ಹಾಕಿದ ಮೂರು ವರ್ಷದ ರಸೀದಿ, ಎಪಿಎಂಸಿ ಲೆಕ್ಕಪತ್ರ, ಬ್ಯಾಂಕ್ ಪುಸ್ತಕ ಜೋಡಿಸಬೇಕು. ಹೊನ್ನಾಳಿಯ ಭತ್ತ, ಮೆಕ್ಕೆಜೋಳದವರಿಗೂ ಇದೇ ಮಾತು. ಕೈಗೆ ಹಣ ಪಡೆದು ಚೀಟಿ ಇಲ್ಲದೆ ವ್ಯಾಪಾರಿಗೆ ಮಾಲು ಕೊಟ್ಟವರಿಗೆ, ತೋಟವನ್ನು ಬಾಯಿಮಾತಿನಲ್ಲಿ ಚೇಣಿ ಕೊಟ್ಟವರಿಗೆ ಇಲ್ಲಿ ತೋರಿಸಲು ಏನೂ ಇರದು. ಮಗಳು ಒಂಬತ್ತನೆಯ ತರಗತಿಯಲ್ಲಿರುವಾಗಲೇ ರಸೀದಿ ಇಡಲು ಆರಂಭಿಸಿದರೆ ಒಳಿತು.

ಸಾಲದ ವಿಷಯ ಇನ್ನಷ್ಟು ಜಟಿಲ. ಸಾರ್ವಜನಿಕ ಬ್ಯಾಂಕುಗಳ ಶಿಕ್ಷಣ ಸಾಲ ಯೋಜನೆಯಲ್ಲಿ ಏಳೂವರೆ ಲಕ್ಷದ ಮೇಲಿನ ಮೊತ್ತಕ್ಕೆ ಸಾಮಾನ್ಯವಾಗಿ ಆಸ್ತಿ ಅಡಮಾನ ಬೇಕು. ‘ತೋಟ ಇದೆಯಲ್ಲ’ ಎಂದು ಬ್ಯಾಂಕಿಗೆ ಹೋದವರಿಗೆ ಅಲ್ಲಿ ಆಘಾತ ಕಾದಿರುತ್ತದೆ. 2002ರ ಸರ್ಫೇಸಿ ಕಾಯ್ದೆಯ 31ನೆಯ ಪ್ರಕರಣದನ್ವಯ ಕೃಷಿ ಜಮೀನನ್ನು ಆ ಕಾಯ್ದೆಯಡಿ ಮುಟ್ಟುಗೋಲು ಹಾಕುವಂತಿಲ್ಲ. ರೈತರ ರಕ್ಷಣೆಗೆಂದು ಇಟ್ಟ ಈ ಕಟ್ಟಳೆಯ ಕಾರಣದಿಂದಲೇ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಹೊಲ ತೋಟಗಳನ್ನು ಆಧಾರವಾಗಿ ಒಪ್ಪಲು ಹಿಂಜರಿಯುತ್ತವೆ. ಕೋಟಿ ಬೆಲೆಯ ತೋಟಕ್ಕಿಂತ ದಾವಣಗೆರೆಯಲ್ಲಿರುವ 30-40 ಅಡಿಯ ನಿವೇಶನಕ್ಕೆ ಅಲ್ಲಿ ಮರ್ಯಾದೆ ಹೆಚ್ಚು. ಊರೊಳಗಿನ ಮನೆಯಾದರೆ ಪಂಚಾಯಿತಿಯ ಇ-ಸ್ವತ್ತು ದಾಖಲೆ ಇರಲೇಬೇಕು. ಬೆಳೆ ಸಾಲ ಸುಸ್ತಿಯಾಗಿದ್ದರೆ ತಂದೆಯ ಸಿಬಿಲ್ ಅಂಕ ಕುಸಿದಿರುತ್ತದೆ. ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಅಡಮಾನವಿಲ್ಲದೆ ಕೊಡುವ ಖಾಸಗಿ ಹಣಕಾಸು ಸಂಸ್ಥೆಗಳ ಬಡ್ಡಿ ಹೆಚ್ಚು, ಅದು ಓದುವ ಅವಧಿಯಲ್ಲೂ ಬೆಳೆಯುತ್ತಲೇ ಇರುತ್ತದೆ.

ಸರ್ಕಾರಿ ಯೋಜನೆಗಳತ್ತ ನೋಡಿದರೆ ಪಿಯುಸಿ ಮುಗಿಸಿದವರಿಗೆ ಆಸರೆ ಕಡಿಮೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಸ್ನಾತಕೋತ್ತರ ಮತ್ತು ಪಿಎಚ್‌ಡಿಗೆ ಮಾತ್ರ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ದೇಶದೊಳಗಿನ ಆಯ್ದ ಸಂಸ್ಥೆಗಳಿಗೆ ಸೀಮಿತ. ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಪರಿಶಿಷ್ಟ ಜಾತಿ ಮತ್ತು ಪಂಗಡದವರ ವಿದೇಶ ವ್ಯಾಸಂಗಕ್ಕೆಂದೇ ರೂಪುಗೊಂಡದ್ದು. ಅರ್ಹರು ಆಯಾ ವರ್ಷದ ಅಧಿಸೂಚನೆಯನ್ನು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಬೇಕು.

ಈ ಲೇಖಕನ ಅಭಿಪ್ರಾಯ ಕೇಳುವುದಾದರೆ, ತೋಟದ ಅಂಚಿನ ಸೈಟು ಮಾರಿ, ಕೋಟಿಗಟ್ಟಲೆ ಸಾಲ ಮಾಡಿ, ಹೆಸರು ಕೇಳದ ಕಾಲೇಜಿಗೆ ಪದವಿಗೆಂದು ಕಳಿಸುವುದು ಅವಿವೇಕ. ದಾವಣಗೆರೆಯ ಯುಬಿಡಿಟಿಯಲ್ಲೋ ಬಿಐಇಟಿಯಲ್ಲೋ ನಾಲ್ಕು ವರ್ಷದ ಬಿ.ಇ. ಓದಿ ಬಳಿಕ ಹೋಗುವ ದಾರಿ ಇದ್ದೇ ಇದೆ. ಬಿಎ, ಬಿಎಸ್‌ಸಿ ಓದುವವರು ಮಾತ್ರ ಒಂದು ಗಮನಿಸಬೇಕು. 2021ರಲ್ಲಿ ರಾಜ್ಯದಲ್ಲಿ ಬಂದಿದ್ದ ನಾಲ್ಕು ವರ್ಷದ ಪದವಿ ಪದ್ಧತಿ 2024ರಲ್ಲಿ ರದ್ದಾಗಿ ಮತ್ತೆ ಮೂರು ವರ್ಷಕ್ಕೆ ಮರಳಿದೆ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಎಂಎಸ್‌ಗೆ ಒಟ್ಟು 16 ವರ್ಷದ ಓದು ಕೇಳುತ್ತವೆ. ಆದರೆ ತಾಲ್ಲೂಕಿಗೇ ಮೊದಲಿಗಳಾದ, ಮನೆಯಲ್ಲಿ ಏನೂ ಇಲ್ಲದ ಹುಡುಗಿ ಇದ್ದರೆ ಆಕೆ ಆ ಎಂಟು ಹತ್ತು ದೊಡ್ಡ ಕಾಲೇಜುಗಳಿಗೆ ಅರ್ಜಿ ಹಾಕದೆ ಬಿಡಬಾರದು. ಅರ್ಜಿ ಶುಲ್ಕದ ವಿನಾಯಿತಿಯನ್ನೂ ಕೇಳಬಹುದು. ಕಳೆದುಕೊಳ್ಳುವುದು ಸಮಯ ಮಾತ್ರ.

ಮಧ್ಯವರ್ತಿಗಳು

ದಾವಣಗೆರೆ, ಬೆಂಗಳೂರುಗಳಲ್ಲಿ ‘ವಿದೇಶ ವ್ಯಾಸಂಗ’ ಫಲಕಗಳು ಹೆಚ್ಚಾಗಿವೆ. ಹಲವರು ಪ್ರಾಮಾಣಿಕರೇ. ಆದರೆ ಉಚಿತ ಸಲಹೆ ಎನ್ನುವವರಿಗೆ ಹಣ ಬರುವುದು ಕೆಲವು ಕಾಲೇಜುಗಳು ಕೊಡುವ ಕಮಿಷನ್‌ನಿಂದ ಎಂಬುದು ನೆನಪಿರಲಿ. ನೆರವು ಕೊಡುವ ಕಾಲೇಜುಗಳ ಹೆಸರು ಅವರ ಪಟ್ಟಿಯಲ್ಲಿ ಕಾಣುವುದು ಕಡಿಮೆ. ಕಮಿಷನ್ನಿಲ್ಲದ ಸಲಹೆ ಬೇಕಾದವರು ಭಾರತ ಅಮೆರಿಕ ಶೈಕ್ಷಣಿಕ ಪ್ರತಿಷ್ಠಾನದ ಚೆನ್ನೈ ಕಚೇರಿಯನ್ನು ಸಂಪರ್ಕಿಸಬಹುದು.

ಮೋಸದ ಪರಿಣಾಮ ಎಷ್ಟು ದೂರ ಹೋಗುತ್ತದೆಂಬುದಕ್ಕೆ ನಿದರ್ಶನಗಳಿವೆ. 2024ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದಲ್ಲಿ ಪೂರ್ತಿ ನೆರವಿನೊಡನೆ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಯೊಬ್ಬ ಅಂಕಪಟ್ಟಿಯಿಂದ ಹಿಡಿದು ತಂದೆಯ ಮರಣ ಪ್ರಮಾಣಪತ್ರದವರೆಗೆ ಎಲ್ಲವನ್ನೂ ನಕಲಿಯಾಗಿ ಸೃಷ್ಟಿಸಿದ್ದು ಬಯಲಾಗಿ, ಬಂಧನಕ್ಕೊಳಗಾಗಿ, ದೇಶಕ್ಕೆ ಮರಳಬೇಕಾಯಿತು. ತಂದೆ ಬದುಕಿದ್ದರು. ಕಾಲೇಜೇ ಬೋಗಸ್ ಆಗಿರುವುದೂ ಉಂಟು. 2011ರಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ವಿಶ್ವವಿದ್ಯಾಲಯ ಮುಚ್ಚಿದಾಗ ಅಲ್ಲಿದ್ದ ಭಾರತೀಯರು ಬೀದಿಗೆ ಬಿದ್ದರು. 2019ರ ಜನವರಿಯಲ್ಲಿ ಮಿಷಿಗನ್ನಿನ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯ ಪ್ರಕರಣದಲ್ಲಿ ಬಂಧಿತರಾದ 130 ಮಂದಿಯಲ್ಲಿ 129 ಭಾರತೀಯರು. ಆ ವಿಶ್ವವಿದ್ಯಾಲಯವನ್ನು ಬಲೆ ಬೀಸಲೆಂದು ಅಮೆರಿಕದ ಅಧಿಕಾರಿಗಳೇ ಹುಟ್ಟುಹಾಕಿದ್ದರು. ಕಾಲೇಜಿಗೆ ಮಾನ್ಯತೆ ಇದೆಯೇ, ನಿಜವಾಗಿ ತರಗತಿ ನಡೆಯುತ್ತದೆಯೇ ಎಂದು ಸ್ವತಃ ವಿಚಾರಿಸದೆ ಹಣ ಕಟ್ಟಬಾರದು.

ವೀಸಾ ಮತ್ತು ಬದಲಾದ ಗಾಳಿ

ಮಾರ್ಚ್ ಕೊನೆಯ ಹೊತ್ತಿಗೆ ಕಾಲೇಜುಗಳ ಉತ್ತರ ಬರುತ್ತದೆ. ಮೇ 1ರೊಳಗೆ ಒಪ್ಪಿಗೆ ತಿಳಿಸಬೇಕು. ಆಮೇಲೆ ಮೊದಲ ವರ್ಷದ ಹಣಕ್ಕೆ ಆಧಾರ ತೋರಿಸಿದರೆ ಕಾಲೇಜು ಐ-20 ಎಂಬ ಪತ್ರ ಕಳಿಸುತ್ತದೆ. ಅದನ್ನು ಹಿಡಿದು 350 ಡಾಲರಿನ ಸೆವಿಸ್ ಶುಲ್ಕ ಮತ್ತು 185 ಡಾಲರಿನ ವೀಸಾ ಅರ್ಜಿ ಶುಲ್ಕ ಕಟ್ಟಿ ಎಫ್-1 ವೀಸಾಕ್ಕೆ ಸಂದರ್ಶನದ ದಿನ ಪಡೆಯಬೇಕು. ಬೆಂಗಳೂರಿನಲ್ಲಿ ಅಮೆರಿಕದ ದೂತಾವಾಸ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತಾದರೂ ವೀಸಾ ಕೆಲಸ ಅದರೊಡನೆ ಆರಂಭವಾಗಲಿಲ್ಲ. ನಮ್ಮವರು ಹೋಗುತ್ತ ಬಂದಿರುವುದು ಹೆಚ್ಚಾಗಿ ಚೆನ್ನೈಗೆ, ಹೈದರಾಬಾದಿಗೆ. ಸಂದರ್ಶನ ನಡೆಯುವುದು ಎರಡು ಮೂರು ನಿಮಿಷ. ಓದು ಮುಗಿಸಿ ಮರಳುವ ಉದ್ದೇಶವಿದೆ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ಆರು ಎಕರೆ ತೋಟ ಇಲ್ಲಿ ಮೊದಲ ಬಾರಿಗೆ ಉಪಯೋಗಕ್ಕೆ ಬರುತ್ತದೆ ಎನ್ನಬೇಕು.

2025ರಲ್ಲಿ ಈ ಹಂತ ಬಹಳ ಮಂದಿಯನ್ನು ಕಂಗೆಡಿಸಿತು. ಮೇ ಕೊನೆಯಲ್ಲಿ ವಿದ್ಯಾರ್ಥಿ ವೀಸಾಗಳ ಹೊಸ ಸಂದರ್ಶನಗಳನ್ನು ಅಮೆರಿಕ ಸರ್ಕಾರ ಸುಮಾರು ಮೂರು ವಾರ ನಿಲ್ಲಿಸಿತು. ಜೂನ್‌ನಲ್ಲಿ ಪುನರಾರಂಭಿಸಿದಾಗ ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣಗಳ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂದು ವಿಧಿಸಿತು. ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆ ಹೊರಬಿತ್ತು. ವಿದ್ಯಾರ್ಥಿ ವೀಸಾದಲ್ಲಿ ಅಮೆರಿಕದೊಳಗೇ ಇದ್ದು ಬದಲಾವಣೆ ಕೋರುವವರಿಗೆ ಅದು ಅನ್ವಯಿಸದೆಂಬ ಸ್ಪಷ್ಟನೆ ಬಳಿಕ ಬಂತು. ಓದಿನ ಅವಧಿಯಲ್ಲಿ ವಾರಕ್ಕೆ 20 ಗಂಟೆ ಕಾಲೇಜಿನ ಆವರಣದೊಳಗೆ ಮಾತ್ರ ದುಡಿಯಬಹುದು. ಪದವಿಯ ನಂತರ ಒಂದು ವರ್ಷ, ವಿಜ್ಞಾನ ತಂತ್ರಜ್ಞಾನದವರಿಗೆ ಇನ್ನೆರಡು ವರ್ಷ ಕೆಲಸದ ಅವಕಾಶ ಇದ್ದು ಬಂದಿದೆ. ‘ಅಲ್ಲಿ ಹೋಟೆಲಿನಲ್ಲಿ ದುಡಿದು ಸಾಲ ತೀರಿಸುತ್ತಾನೆ’ ಎಂಬ ಲೆಕ್ಕ ಹಾಕಿ ಮಗನನ್ನು ಕಳಿಸುವವರು ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಲಿ.

ಇಷ್ಟೆಲ್ಲ ನಡೆದಿರುವಾಗ ಸಿಇಟಿ ಬರೆಯುವುದನ್ನು ಬಿಡಬಾರದು. ವೀಸಾ ನಿರಾಕರಣೆಯಾದರೆ ಕೈಯಲ್ಲೊಂದು ಸೀಟು ಇರಬೇಕು. ಆದರೆ ಇಲ್ಲಿ ಸೀಟು ಪಡೆದು ಸೇರಿದಾಗ ಕಾಲೇಜುಗಳು ಎಸ್‌ಎಸ್‌ಎಲ್‌ಸಿ, ಪಿಯುಸಿ ಮೂಲ ಅಂಕಪಟ್ಟಿ ಮತ್ತು ವರ್ಗಾವಣೆ ಪತ್ರವನ್ನು ತಮ್ಮಲ್ಲಿ ಇಟ್ಟುಕೊಳ್ಳುವ ರೂಢಿಯಿದೆ. ಚೆನ್ನೈಯ ಸಂದರ್ಶನಕ್ಕೆ ಬೇಕಾಗುವುದೂ ಅದೇ ಮೂಲ ಪ್ರತಿ. ಆದ್ದರಿಂದ ಪ್ರವೇಶದ ದಿನವೇ ಮೂಲ ದಾಖಲೆಗಳನ್ನು ಯಾವಾಗ, ಯಾವ ಷರತ್ತಿನ ಮೇಲೆ ಹಿಂತಿರುಗಿಸುತ್ತಾರೆಂದು ಲಿಖಿತವಾಗಿ ಕೇಳಿ, ದೃಢೀಕೃತ ನಕಲುಗಳ ನಾಲ್ಕೈದು ಜೊತೆ ಮಾಡಿಸಿ ಇಟ್ಟುಕೊಂಡಿರತಕ್ಕದ್ದು.